ಸೆತ್ತಿಮಿಯೊ ಮೇಷ್ಟ್ರು ಕೊಟ್ಟ ದನಿ

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ವಠಾರದ ಕಮಾನಿನಾಚೆ ಆ ದನಿ ಕೇಳಿಸುತ್ತದೆ. ಮೊದಲು ಲೌಡ್‌ಸ್ಪೀಕರಿನ ಕರಕರ. ಆಮೇಲೆ ಯಾರೋ ಎದೆ ತುಂಬ ಉಸಿರೆಳೆದುಕೊಂಡ ಸದ್ದು. ಆಮೇಲೆ, "ಅಮ್ಮಂದಿರೇ, ಸಾಣೆಯವನು ಬಂದಿದ್ದಾನೆ. ನಿಮ್ಮ... ಚಾಕು, ನಿಮ್ಮ... ಕತ್ತರಿ, ಎಲ್ಲವನ್ನೂ ಕೆಳಗೆ ತನ್ನಿ." 'ನಿಮ್ಮ' ಎಂದ ಮೇಲೆ ದನಿ ಒಂದು ಕ್ಷಣ ನಿಲ್ಲುತ್ತದೆ. ಮೊಂಡಾದ ಚಾಕುವಿನ ಹಿಂದೆ ಲೋಕದ ದುಃಖವೆಲ್ಲ ಇದೆಯೇನೋ ಎನ್ನುವಂತೆ ನಿಲ್ಲುತ್ತದೆ. ವ್ಯಾನು ಓಡಿಸುವವನು ಮಾತ್ರ ತುಟಿ ಬಿಚ್ಚುವುದಿಲ್ಲ. ಅವನು ಬ್ರೆಡ್ಡಿನೊಳಗೆ ಹಂದಿಮಾಂಸ ಇಟ್ಟುಕೊಂಡು ತಿನ್ನುತ್ತ ನಿಧಾನವಾಗಿ ಬೀದಿ ದಾಟುತ್ತಾನೆ. ಮಾತಾಡುವುದು ಟೇಪು.

ಆ ದನಿ ಬಂದ ಕೂಡಲೆ ಮೂರನೇ ಮಹಡಿಯಲ್ಲಿ ಒಂದು ಕಿಟಕಿ ಮುಚ್ಚಿಕೊಳ್ಳುತ್ತದೆ. ಅದು ಸೆತ್ತಿಮಿಯೊ ಕ್ವಾದ್ರಿನಿಯವರ ಅಡುಗೆಮನೆಯ ಕಿಟಕಿ.

ರೋಮಿನ ನಮ್ಮ ಗಾರ್ಬಾತೆಲ್ಲಾ ಬಡಾವಣೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಸಿನಿಮಾ ನಿರ್ದೇಶಿಸಿದವರಿಗೆ ರೋಮಿನಲ್ಲಿ ಸಿಗುವ ಹೆಸರು ಅದು, ಒಂದು ಸಿನಿಮಾ ಮಾಡಿದವರಿಗೂ ಹತ್ತು ಮಾಡಿದವರಿಗೂ ಒಂದೇ. ಗೌರವಕ್ಕೂ ಬರುತ್ತದೆ, ಗೇಲಿಗೂ ಬರುತ್ತದೆ. ನಮ್ಮ ಮೇಷ್ಟ್ರಿಗೆ ಎಪ್ಪತ್ತೈದು ವರ್ಷದಲ್ಲಿ ಎರಡೂ ಸಾಕಷ್ಟು ಸಂದಿವೆ.

ಅವರು ಇದೇ ವಠಾರದಲ್ಲಿ ಹುಟ್ಟಿದವರು. ಟ್ರಾಮ್ ಚಾಲಕನ ಏಳನೆಯ ಮಗುವಾದ್ದರಿಂದ ಸೆತ್ತಿಮಿಯೊ, ಅಂದರೆ ಏಳನೆಯವನು, ಎಂದು ಹೆಸರು. ಆರು ಜನ ಅಣ್ಣ ಅಕ್ಕಂದಿರ ಮನೆಯಲ್ಲಿ ಏಳನೆಯವನಿಗೆ ಮಾತಾಡುವ ಸರದಿ ಬರುವುದಿಲ್ಲ. ಆ ಲೆಕ್ಕವನ್ನು ಅವರು ಅಂಗಳದಲ್ಲಿ ತೀರಿಸಿಕೊಂಡರು. ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಯ ಮೇಲೆ ಹತ್ತಿ ನಿಂತು ಉಳಿದ ಮಕ್ಕಳಿಗೆಲ್ಲ ನಾಟಕ ಆಡಿಸುತ್ತಿದ್ದರು. ಒಂದನೇ ಮಹಡಿಯ ಯೊಲಾಂದಾ ಅವರಿಗಿಂತ ಮೂರು ವರ್ಷ ಚಿಕ್ಕವಳು. ಈಗಲೂ ಬಟ್ಟೆ ಹರವುವಾಗ ಅದನ್ನು ನೆನೆಸಿಕೊಂಡು ಸಿಟ್ಟಾಗುತ್ತಾಳೆ.

"ನಂಗೆ ಯಾವಾಗ್ಲೂ ಬಡವಳ ಪಾತ್ರ. ಅಲ್ಲ ಕಣ್ರೇ, ನಾನು ಬಡವಳೇ ತಾನೆ? ಬಡವಳು ಏನ್ ಮಾತಾಡ್ತಾಳೆ ಅಂತ ನಂಗೆ ಗೊತ್ತಿರಲ್ವಾ? ಉಹೂಂ. ಅವರು ಹೇಳ್ಕೊಟ್ಟಿದ್ದೇ ಹೇಳ್ಬೇಕು. ಒಂದಕ್ಷರ ತಪ್ಪಿದ್ರೆ ತೊಟ್ಟಿ ನೀರು ಮುಖಕ್ಕೆ."

ಸಿನಿಮಾ ಶಾಲೆ ಮುಗಿಸಿ, ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವದ ಚೀಟಿಯನ್ನು ಎಡಗಡೆಯ ಜೇಬಿನಲ್ಲಿಟ್ಟುಕೊಂಡು, ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅವರು ಮೊದಲ ಸಿನಿಮಾ ಮಾಡಿದರು. ಕಟ್ಟಿ ಮುಗಿಯದ ಮನೆಗಳಿಗೆ ಬೀಗ ಒಡೆದು ನುಗ್ಗಿ ವಾಸವಾದ ಸಂಸಾರಗಳ ಕಥೆ. ಪಕ್ಷದ ಶಾಖೆಯ ಸಭಾಂಗಣದಲ್ಲಿ ತೋರಿಸಿದರು. ಸಿನಿಮಾ ಒಂದೂ ಕಾಲು ಗಂಟೆ, ಅದರ ಮೇಲಿನ ಚರ್ಚೆ ಮೂರು ಗಂಟೆ. ಬಡವರು ಎರಡು ಕಡೆ ನಗುತ್ತಾರೆ, ಇದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಮೇಷ್ಟ್ರು ಮನೆಗೆ ಹೋಗಿ ಯೋಚಿಸಿ ಒಂದು ನಗೆಯನ್ನು ಕತ್ತರಿಸಿದರು. ಇನ್ನೊಂದು ಉಳಿಯಿತು. ಅದು ಮೊಲೆ ಕುಡಿಯುವ ಕೂಸಿನದು, ಅದಕ್ಕಿನ್ನೂ ವರ್ಗಪ್ರಜ್ಞೆ ಬಂದಿರಲಿಲ್ಲವೆಂದು ಸಭೆ ಒಪ್ಪಿತು.

ಎರಡನೆಯದು 'ಒದ್ದೆ ಕಾಗದ'. ಅದರ ಮಾತು ಆಮೇಲೆ.

ಮೂರನೆಯದು ಬ್ಯಾಂಕುಗಳ ಮೇಲೆ ಹರಿಹಾಯ್ದ ಸಿನಿಮಾ. ಹಂಚಿಕೆದಾರರು ಅದನ್ನು ಆಗಸ್ಟ್ ಹದಿಮೂರರಂದು ಬಿಡುಗಡೆ ಮಾಡಿದರು. ಆಗಸ್ಟ್ ಹದಿಮೂರಕ್ಕೆ ರೋಮಿನಲ್ಲಿ ಬೆಕ್ಕುಗಳನ್ನು ಬಿಟ್ಟರೆ ಯಾರಿರುತ್ತಾರೆ? ಎಲ್ಲರೂ ಸಮುದ್ರಕ್ಕೆ ಹೋಗಿರುತ್ತಾರೆ, ಬ್ಯಾಂಕಿನವರೂ ಸೇರಿ. ನಾಲ್ಕನೆಯದು ಮುದ್ರಣಾಲಯದಲ್ಲಿ ಸಂಘ ಕಟ್ಟುವ ಹುಡುಗಿಯ ಕಥೆ. ಹುಡುಗಿ ಒಂದು ಸಲವಾದರೂ ಸ್ನಾನ ಮಾಡಬೇಕು ಎಂದು ನಿರ್ಮಾಪಕರು ಪಟ್ಟು ಹಿಡಿದರು. ಮೇಷ್ಟ್ರು ವಾರಗಟ್ಟಲೆ ಜಗಳವಾಡಿ, ಕೊನೆಗೆ ಅವಳು ತೊಟ್ಟಿಯಲ್ಲಿ ಕೂತು ಮುಷ್ಕರದ ಕರಪತ್ರವನ್ನು ಪೂರ್ತಿ ಓದುವಳೆಂಬ ಷರತ್ತಿನ ಮೇಲೆ ಒಪ್ಪಿದರು. ಜನ ಕಿಕ್ಕಿರಿದು ಬಂದರು. ಕರಪತ್ರದಲ್ಲಿ ಏನಿತ್ತೆಂದು ಕೇಳಿದರೆ ಹೇಳಬಲ್ಲ ಒಬ್ಬನೂ ಇವತ್ತಿಗೂ ನಮ್ಮ ಬಡಾವಣೆಯಲ್ಲಿ ಸಿಕ್ಕಿಲ್ಲ.

ಐದನೆಯದಕ್ಕೆ ಹನ್ನೊಂದು ವರ್ಷ ಸಿನಿಮಾಕ್ಕೆ ಹಣ ಕೊಡುವ ಸರ್ಕಾರಿ ಕಚೇರಿಯ ಉತ್ತರಕ್ಕಾಗಿ ಕಾದರು. ಆ ನಡುವೆ ಹೊಟ್ಟೆಪಾಡಿಗೆ ಬಿಸ್ಕತ್ತಿನ ಜಾಹೀರಾತು ಮಾಡಿದರು. ನಸುಕಿನಲ್ಲಿ ಪಾಳಿಗೆ ಹೊರಡುವ ಅಪ್ಪ, ಹಾಲಿನ ಬಟ್ಟಲು, ಅದರಲ್ಲಿ ಅದ್ದಿದ ಬಿಸ್ಕತ್ತು, ಅಪ್ಪನ ತೋಳು ಹಿಡಿದು ನಿಲ್ಲಿಸುವ ಮಗಳು. ಮೂವತ್ತು ಸೆಕೆಂಡು. ಅದನ್ನು ಇಡೀ ದೇಶ ನೋಡಿತು, ಹೆಂಗಸರು ಅತ್ತರು. ಕಂಪನಿಯವರು ವರ್ಷವರ್ಷ ಕ್ರಿಸ್ಮಸ್ಸಿಗೆ ಒಂದು ತಗಡಿನ ಡಬ್ಬ ಕಳಿಸುತ್ತಿದ್ದರು. ಮೇಷ್ಟ್ರ ಬದುಕಿನಲ್ಲಿ ಉಳಿದದ್ದೆಲ್ಲ ಈಗ ಆ ಡಬ್ಬಗಳಲ್ಲಿದೆ: ಗುಂಡಿಗಳು, ಸಭೆಯ ಟಿಪ್ಪಣಿಗಳು, ಹೆಂಡತಿಯ ಕನ್ನಡಕ.

ಈಗ ಅವರು ವಠಾರದ ಸಮಿತಿಯ ಅಧ್ಯಕ್ಷರು. ಬಟ್ಟೆ ಹರವುವ ತಂತಿ ಯಾರಿಗೆ ಎಷ್ಟು ಎಂಬ ಸಭೆಯಲ್ಲಿ ಅವರು ಎದ್ದು, "ಇಲ್ಲಿರುವವರೆಲ್ಲರ ಪರವಾಗಿ ನಾನು ಹೇಳುವುದೇನೆಂದರೆ" ಎಂದು ಶುರುಮಾಡಿದರೆ ನಾವು ಬಕೆಟ್ಟುಗಳನ್ನು ಬೋರಲು ಹಾಕಿ ಅದರ ಮೇಲೆ ಕೂತುಕೊಳ್ಳುತ್ತೇವೆ.

ಇನ್ನು 'ಒದ್ದೆ ಕಾಗದ'.

ರೋಮಿನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ದೂರ, ಲೀರಿ ನದಿಯ ಮೇಲೆ ಪೊಂತೆರಿವೊ ಎಂಬ ಊರು. ಅಲ್ಲೊಂದು ಕಾಗದದ ಕಾರ್ಖಾನೆ. ಅರವತ್ತೊಂಬತ್ತರ ಚಳಿಗಾಲದಲ್ಲಿ ಅಲ್ಲಿನ ಕೆಲಸಗಾರರು ಗೇಟು ಹಾಕಿಕೊಂಡು ಒಳಗೇ ಕೂತರು. ಮರುವರ್ಷ ಮೇಷ್ಟ್ರು ಕ್ಯಾಮೆರಾ ಹೊತ್ತು ಹೋದರು. ನಟರು ಬೇಡ, ನಿಜವಾದ ಕೆಲಸಗಾರರೇ ಬೇಕು ಎಂದರು. ಲೊರೆತೊ ತೆರ್ಸಿನ್ಯಿ ಎಂಬ ಬಡಕಲು ಮನುಷ್ಯ ಸಿಕ್ಕಿದ. ತಿರುಳು ಬೇಯಿಸುವ ದೊಡ್ಡ ಹಂಡೆಯ ಬಳಿ ಕೆಲಸ ಮಾಡುತ್ತಿದ್ದವನು. ಗೇಟಿನ ಮುಂದೆ ನಿಂತು ಅವನು ಆಡುವ ಮಾತು ಸಿನಿಮಾದ ಕೊನೆಗೆ ಬರುತ್ತದೆ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. "ನಮ್ಮ... ಕೈಯಲ್ಲಿ ಹುಟ್ಟಿದ ಕಾಗದದ ಮೇಲೆ ಅವರು ನಮ್ಮ... ಹೆಸರು ಬರೆಯುವುದು ಒಂದೇ ಸಲ, ನಮ್ಮನ್ನು ಕೆಲಸದಿಂದ ತೆಗೆಯುವಾಗ." ಜನರ ನಿಜವಾದ ದನಿ ಮೊಟ್ಟಮೊದಲ ಬಾರಿಗೆ ತೆರೆಯ ಮೇಲೆ ಕೇಳಿಸಿತು ಎಂದು ಪತ್ರಿಕೆಗಳು ಬರೆದವು. ಕಂಚಿನ ಫಲಕ ಬಂತು. ಈಗ ಅದು ಅವರ ಅಡುಗೆಮನೆಯ ಬಾಗಿಲು ಬಡಿಯದಂತೆ ತಡೆಯುತ್ತದೆ.

ತೆರೆಯ ಮೇಲೆ ಕೇಳಿಸುವ ಆ ದನಿ ಲೊರೆತೊನದಲ್ಲ, ಫ್ಲಾವಿಯೊ ಬೆನ್‌ಚಿವೆಂಗಾನದು. ನಮ್ಮದೇ ಬಡಾವಣೆಯವನು, ಮೀನಿನ ಅಂಗಡಿಯ ಮೇಲಿನ ಮನೆ. ದಪ್ಪನೆಯ ಮನುಷ್ಯ, ರೇಷ್ಮೆ ಟೈ. ಕಾಗದದ ಕಾರ್ಖಾನೆಯನ್ನು ಹೊರಗಿನಿಂದಲೂ ನೋಡಿದವನಲ್ಲ. ಆಗೆಲ್ಲ ಸಿನಿಮಾ ಆಗುತ್ತಿದ್ದುದೇ ಹಾಗೆ. ಚಿತ್ರೀಕರಣದಲ್ಲಿ ತುಟಿ ಅಲ್ಲಾಡಿದರೆ ಸಾಕು, ಮಾತು ಆಮೇಲೆ ರೋಮಿನ ಕತ್ತಲ ಕೋಣೆಯಲ್ಲಿ ತೆರೆ ನೋಡಿಕೊಂಡು ಸೇರಿಸುವುದು. ನಟರಲ್ಲದವರಿಗೆ ಮಾತು ಕಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸಲು ಹೇಳುತ್ತಿದ್ದರು. ಲೊರೆತೊನೂ ಎಣಿಸಿದ. ಅವನು ಎಣಿಸುವ ದಿನ ಆ ಪ್ರಸಿದ್ಧ ಮಾತು ಇನ್ನೂ ಹುಟ್ಟಿರಲೇ ಇಲ್ಲ. ಮೇಷ್ಟ್ರು ಅದನ್ನು ಬರೆದದ್ದು ತಿಂಗಳ ನಂತರ, ರೋಮಿನ ಒಂದು ಊಟದ ಮನೆಯಲ್ಲಿ, ಮೇಜಿಗೆ ಹಾಸಿದ್ದ ಕಾಗದದ ಮೇಲೆ.

ಫ್ಲಾವಿಯೊ ಮುದುಕನಾದ ಮೇಲೆ ಸಾಣೆಯವನು ಅವನ ಅಡುಗೆಮನೆಯ ಚಾಕುಗಳನ್ನೆಲ್ಲ ಹರಿತ ಮಾಡಿಕೊಟ್ಟು, ಪ್ರತಿಯಾಗಿ ಎರಡು ಸಾಲು ಹೇಳಿಸಿ ಟೇಪಿನಲ್ಲಿ ಹಿಡಿದುಕೊಂಡು ಹೋದ. ಫ್ಲಾವಿಯೊ ಸತ್ತು ಆರು ವರ್ಷವಾಯಿತು. ದನಿ ಶನಿವಾರ ಶನಿವಾರ ಬರುತ್ತಿದೆ.

ಎರಡು ಸಾವಿರದ ಹನ್ನೊಂದರ ಏಪ್ರಿಲಿನಲ್ಲಿ ಪೊಂತೆರಿವೊದಿಂದ ಫೋನು ಬಂತು. ಪಾಲ್ಮಿರಾ ತೆರ್ಸಿನ್ಯಿ, ಲೊರೆತೊನ ಮಗಳು, ಅಂಚೆ ಕಚೇರಿಯಲ್ಲಿ ಕೆಲಸ. ಮುಚ್ಚಿದ ಕಾರ್ಖಾನೆಯ ಒಂದು ಭಾಗವನ್ನು ಊರಿನವರು ಸಭಾಂಗಣ ಮಾಡಿದ್ದಾರೆ, ಮೇ ಒಂದಕ್ಕೆ 'ಒದ್ದೆ ಕಾಗದ'ದ ನಲವತ್ತು ವರ್ಷದ ಹಬ್ಬ, ಮೇಷ್ಟ್ರಿಗೆ ಊರಿನ ಗೌರವ ಪೌರತ್ವ ಕೊಡುತ್ತಾರೆ, ಕರೆಯಲು ತಾನೇ ಬರುತ್ತೇನೆ ಎಂದಳು. ಮೇಷ್ಟ್ರು ಲೆಕ್ಕ ಹಾಕಿ ಶುಕ್ರವಾರ ಬಾ ಎಂದರು. ಶುಕ್ರವಾರ ಬಸ್ಸಿನವರ ಮುಷ್ಕರ. ಬಸ್ಸಿನವರ ಮುಷ್ಕರವನ್ನು ಬಾಯಿಬಿಟ್ಟು ಬೈಯಲು ಅವರಿಗೆ ಐವತ್ತು ವರ್ಷದ ನಡವಳಿಕೆ ಅಡ್ಡ ಬಂತು. ಪಾಲ್ಮಿರಾ ಶನಿವಾರ ಬಂದಳು, ಹತ್ತೂವರೆಗೆ.

ನಲವತ್ತೆರಡು ವರ್ಷದ ಹೆಂಗಸು, ಚಿಕ್ಕ ಕೂದಲು, ಕೈಯಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ದ್ರಾಕ್ಷಾರಸ ಹಾಕಿ ಸುಟ್ಟ ಬಳೆಯಾಕಾರದ ಬಿಸ್ಕತ್ತು. ಅಲ್ಲಿ ಆದದ್ದನ್ನು ಯೊಲಾಂದಾ ನಮಗೆ ಹೇಳಿದ್ದಾಳೆ. ಅವಳು ಒಂದು ತಟ್ಟೆ ಆರ್ಟಿಚೋಕ್ ಮೊಗ್ಗಿನ ಪಲ್ಯ ಹಿಡಿದುಕೊಂಡು ಮೇಲೆ ಹೋದದ್ದು ಸೌಜನ್ಯಕ್ಕಲ್ಲ, ಬಂದವಳು ಯಾರೆಂದು ನೋಡುವುದಕ್ಕೆ.

"ನಾನು ಮೂರು ವರ್ಷದವಳಿದ್ದಾಗ ಅಪ್ಪ ಹೋಗ್ಬಿಟ್ರು ಮೇಷ್ಟ್ರೇ," ಎನ್ನುತ್ತಿದ್ದಳು ಪಾಲ್ಮಿರಾ. "ಎದೆ ಕಾಯಿಲೆ. ಮುಖ ಕೂಡ ನಂಗೆ ನೆನಪಿಲ್ಲ. ವರ್ಷಾ ವರ್ಷಾ ಮೇ ಒಂದಕ್ಕೆ ನಿಮ್ಮ ಸಿನಿಮಾ ಹಾಕ್ತಾರಲ್ಲ, ಆವಾಗ ನೋಡ್ತೀನಿ. ನಾನು ಕಣ್ಣು ಮುಚ್ಕೊಂಡೇ ಕೂತಿರ್ತೀನಿ, ದನಿ ಕೇಳೋಕೆ. ಮುಖಕ್ಕೆ ಫೋಟೋ ಇದೆ ಮನೇಲಿ. ದನಿ ಇನ್ನೆಲ್ಲಿ ಸಿಗ್ಬೇಕು, ಹೇಳಿ?"

ಮೇಷ್ಟ್ರು ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡು ಗಡಿಯಾರ ನೋಡಿದರು.

"ಸಂಗೀತ ಕೇಳ್ತೀಯಾ? ರೇಡಿಯೊ ಹಾಕ್ಲಾ?"

"ಬೇಡಿ ಬೇಡಿ. ಆ ಮಾತನ್ನ ಅಪ್ಪನ ಸಮಾಧಿ ಕಲ್ಲಿನ ಮೇಲೆ ಕೆತ್ತಿಸಿದೀವಿ, ಗೊತ್ತಾ? ನಮ್ಮ ಕೈಯಲ್ಲಿ ಹುಟ್ಟಿದ ಕಾಗದ. ಪೂರ್ತಿ ಸಾಲು. ಕೆಳಗೆ ಅಪ್ಪನ ಹೆಸರು."

"ಸಮಾಧಿ ಮೇಲಾ?" ಎಂದರು ಮೇಷ್ಟ್ರು.

"ನಮ್ಮೂರಿನ ಮಕ್ಕಳಿಗೆಲ್ಲ ಬಾಯಿಪಾಠ. ಗೇಟು ಹಾಕ್ಕೊಂಡು ಒಳಗೆ ಕೂತ ದಿನಗಳ ಲೆಕ್ಕನೂ ಬಾಯಿಪಾಠ, ನಲವತ್ತೊಂದು ದಿನ. ಐದನೇ ದಿನ ಬ್ರೆಡ್ಡು ಖಾಲಿಯಾಗಿದ್ದು, ಹತ್ತೊಂಬತ್ತನೇ ದಿನ ಪೊಲೀಸ್ನೋರು ಬಂದು ನೀರು ನಿಲ್ಲಿಸಿದ್ದು, ಮೂವತ್ತಮೂರಕ್ಕೆ ಹಿಮ ಬಿದ್ದಿದ್ದು. ಹುಡುಗ್ರು ಮೆಟ್ಲು ಹತ್ತೋವಾಗ ಹೇಳ್ಕೊಂಡೇ ಹತ್ತೋದು."

ಸಿನಿಮಾದಲ್ಲಿ ಅದು ಇಪ್ಪತ್ತು ದಿನ. ನಲವತ್ತೊಂದು ಉದ್ದವಾಯಿತೆಂದು ಮೇಷ್ಟ್ರೇ ಕತ್ತರಿಸಿದ್ದರು.

"ನಿಮ್ಮಮ್ಮ ಬರ್ತಿದ್ರಾ ಸಿನಿಮಾಕ್ಕೆ?" ಎಂದು ಕೇಳಿದರು. ಆ ಪ್ರಶ್ನೆ ಅವರ ಬಾಯಿಂದ ತಾನಾಗಿ ಬಿದ್ದಂತಿತ್ತು ಎನ್ನುತ್ತಾಳೆ ಯೊಲಾಂದಾ.

"ಇಲ್ಲ. ಯಾವತ್ತೂ ಏನಾದ್ರೂ ಕೆಲಸ ಇರೋದು. ಅಪ್ಪನ ದನಿ ಹೀಗೇ ಇತ್ತಾ ಅಮ್ಮಾ ಅಂದ್ರೆ, ಒಳ್ಳೇ ದನಿ ಕಣೇ ಅದು ಅನ್ನೋಳು. ಈ ಚಳಿಗಾಲದಲ್ಲಿ ಅಮ್ಮನೂ ಹೋದಳು."

ಅಷ್ಟು ಹೊತ್ತೂ ಬಾಗಿಲಾಚೆ ನಿಂತು ಕೇಳುತ್ತಿದ್ದ ಯೊಲಾಂದಾ ತಟ್ಟದೆ ಒಳಗೆ ಹೋದದ್ದು ಆಗ. ತಟ್ಟೆ ಇಟ್ಟು, "ಅಯ್ಯೋ, ಇದೇನು ಮೇಷ್ಟ್ರೇ, ಏಪ್ರಿಲಿನಲ್ಲಿ ಹೀಗೆ ಮುಚ್ಕೊಂಡು ಕೂತಿದೀರಿ, ಬಂದೋರಿಗೆ ಉಸಿರು ಕಟ್ಟಲ್ವಾ?" ಎಂದು ಕಿಟಕಿಯನ್ನು ಗೋಡೆಗೆ ಬಡಿಯುವ ಹಾಗೆ ತೆಗೆದಳು.

ಕರಕರ. ಉಸಿರು. ನಿಮ್ಮ... ಚಾಕು, ನಿಮ್ಮ... ಕತ್ತರಿ.

ಪಾಲ್ಮಿರಾ ಕಾಫಿ ಬಟ್ಟಲು ಕೆಳಗಿಟ್ಟು, ಎದ್ದು ಕಿಟಕಿಗೆ ಹೋದಳು. ಕೆಳಗೆ ವ್ಯಾನು, ಅದರ ಸುತ್ತ ಚಾಕು ಹಿಡಿದ ನಾವು ನಾಲ್ಕೈದು ಹೆಂಗಸರು. ಅವಳು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.

"ಅಪ್ಪ," ಎಂದಳು.

"ಯಾರಪ್ಪ?" ಎಂದು ಯೊಲಾಂದಾ ನಕ್ಕಳು. "ಅದು ನಮ್ಮ ಫ್ಲಾವಿಯೊ ಕಣೇ. ಮೀನಂಗಡಿ ಮೇಲಿದ್ನಲ್ಲ, ಸಿನಿಮಾದೋರಿಗೆ ದನಿ ಕೊಡ್ತಿದ್ದ. ಕೌಬಾಯ್ಗೂ ಅವನದೇ, ಪಾದ್ರಿಗೂ ಅವನದೇ. ಇವರ ಸಿನಿಮಾದಲ್ಲೂ ಆ ಗೇಟಿನ ಮುಂದೆ ಭಾಷಣ ಮಾಡ್ತಾನಲ್ಲ ಒಬ್ಬ ಬಡಕಲ..."

ಅಲ್ಲಿಗೆ ಅವಳಿಗೇ ಅರ್ಥವಾಯಿತು. ಯೊಲಾಂದಾ ಬಾಯಿ ಮುಚ್ಚಿದ್ದನ್ನು ವಠಾರ ಕಂಡದ್ದು ಬಹಳ ಕಡಿಮೆ.

ವ್ಯಾನು ಮುಂದಿನ ಬೀದಿಗೆ ತಿರುಗಿತು. ಪಾಲ್ಮಿರಾ ಕಿಟಕಿಯಿಂದ ಈಚೆ ತಿರುಗಿದಳು.

"ಹಾಗಾದ್ರೆ ಗೇಟಿನ ಮುಂದೆ ನಿಂತು ನಮ್ಮಪ್ಪ ಏನು ಹೇಳಿದ್ರು?"

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. "ನೋಡು ಪಾಲ್ಮಿರಾ. ಆ ಕಾಲದ ಚಿತ್ರನಿರ್ಮಾಣದ ಪರಿಸ್ಥಿತಿಯನ್ನು ನಾವು ಚಾರಿತ್ರಿಕವಾಗಿ..."

"ನಾನು ಕೇಳಿದ್ದು, ಅಪ್ಪ ಏನು ಹೇಳಿದ್ರು ಅಂತ."

"ಎಣಿಸಿದ."

"ಏನನ್ನ?"

"ಏನನ್ನೂ ಇಲ್ಲ. ಒಂದು, ಎರಡು, ಮೂರು. ಬಾಯಿ ಅಲ್ಲಾಡ್ಬೇಕಿತ್ತು, ಅಷ್ಟೇ."

"ಆ ದನಿ ಟೇಪಿನಲ್ಲಿ ಹಿಡೀತಿದ್ರಾ?"

"ಹಿಡೀತಿದ್ವಿ, ಡಬ್ಬಿಂಗಿಗೆ ಅಂದಾಜಿರಲಿ ಅಂತ." ಮೇಷ್ಟ್ರು ಮೇಜಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿದರು. "ಕೆಲಸ ಆದ್ಮೇಲೆ ಅಳಿಸ್ಬಿಡ್ತಿದ್ರು. ಎಲ್ಲರೂ ಹಾಗೇ ಮಾಡ್ತಿದ್ದಿದ್ದು."

ಅದು ಸುಳ್ಳು. ಎಲ್ಲರೂ ಹಾಗೆ ಮಾಡುತ್ತಿದ್ದುದು ನಿಜ, ಅವರು ಮಾಡಿರಲಿಲ್ಲ. ಟೇಪು ನೆಲಮಾಳಿಗೆಯಲ್ಲಿ, ಎಂಬತ್ತಾರನೇ ಇಸವಿಯ ಕ್ರಿಸ್ಮಸ್ ಡಬ್ಬದಲ್ಲಿತ್ತು. ಅದರಲ್ಲಿ ಲೊರೆತೊನ ದನಿಯ ಜೊತೆ ಇನ್ನೊಂದು ದನಿಯೂ ಇತ್ತು.

ಪಾಲ್ಮಿರಾ ಕೋಟು ಹಾಕಿಕೊಂಡಳು. ಬಿಸ್ಕತ್ತಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. "ಮೇ ಒಂದಕ್ಕೆ ಬನ್ನಿ ಮೇಷ್ಟ್ರೇ. ಊರು ಕಾಯ್ತಿರುತ್ತೆ. ನಾನು ಯಾರಿಗೂ ಹೇಳಲ್ಲ. ಕಲ್ಲಿನ ಮೇಲೆ ಕೆತ್ತಿದ್ದನ್ನ ಈಗ ಏನು ಮಾಡೋಕಾಗುತ್ತೆ?" ಬಾಗಿಲ ಬಳಿ ಹೋಗಿ ನಿಂತಳು, ಕಂಚಿನ ಫಲಕ ಕಾಲಿಗೆ ತಾಗಿತು. "ಒಂದು ಮಾತ್ರ ಹೇಳಿ. ಅಪ್ಪನ ದನಿ ದಪ್ಪ ಇತ್ತಾ, ತೆಳ್ಳಗಿತ್ತಾ?"

ಮೇಷ್ಟ್ರು ಬಾಯಿ ತೆರೆದರು. ಅವರ ಬಳಿ ಇಲ್ಲದ ಉತ್ತರ ಯಾವುದೂ ಇರಲಿಲ್ಲ ಇದುವರೆಗೆ. ಕುಲುಮೆಯವನು ಹೇಗೆ ಮಾತಾಡುತ್ತಾನೆ, ಬೀಗ ಒಡೆದವಳು ಹೇಗೆ ಅಳುತ್ತಾಳೆ, ಎಲ್ಲ ಅವರಿಗೆ ಗೊತ್ತಿತ್ತು.

"ನೆನಪಿಲ್ಲ," ಎಂದರು.

ಪಾಲ್ಮಿರಾ ತಲೆಯಾಡಿಸಿ ಮೆಟ್ಟಿಲಿಳಿಯತೊಡಗಿದಳು. ಎರಡನೇ ಮಹಡಿ ದಾಟಿದ್ದಳು. ಮೇಲಿನಿಂದ ಕರೆ ಬಂತು.

"ತಡಿ ಮಗಳೇ. ನೆಲಮಾಳಿಗೆ ಬೀಗದ ಕೈ ತರ್ತೀನಿ."

ಟೇಪು ಓಡಿಸುವ ಹಳೆಯ ಯಂತ್ರ ಅವರ ಬಳಿ ಇತ್ತು. ಅದಕ್ಕೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದರು, ಯಾಕೆಂದು ಯೊಲಾಂದಾ ಕೇಳಲಿಲ್ಲ. ಕಿಟಕಿ ತೆರೆದೇ ಇತ್ತು. ಹರಿತವಾದ ಚಾಕುಗಳನ್ನು ಹಿಡಿದು ನಾವು ಅಂಗಳದಲ್ಲೇ ನಿಂತಿದ್ದೆವು, ಒಗೆದ ಹಾಸಿಗೆ ಬಟ್ಟೆಗಳ ನಡುವೆ.

ಮೊದಲು ನೀರಿನ ಸದ್ದು. ಒಂದಿಡೀ ನದಿ ನಮ್ಮ ಅಂಗಳಕ್ಕೆ ಬಂದಂತಾಯಿತು. ಆಮೇಲೆ ಹಲಗೆ ಬಡಿದ ಸದ್ದು. ಆಮೇಲೆ ಎಳೆಯ, ಚುರುಕು ದನಿಯೊಂದು. ಅದರ ವಯಸ್ಸಿಗೆ ನಲವತ್ತು ವರ್ಷ ಸೇರಿಸಿ ಕೇಳಿದಾಗ ಅದು ಮೇಷ್ಟ್ರದೆಂದು ಗುರುತು ಹಿಡಿದೆವು.

"ಲೊರೆತೊ, ಕಾಮ್ರೇಡ್, ಮೂವತ್ತೆರಡರವರೆಗೆ ಎಣಿಸು. ಹದಿನೇಳಕ್ಕೆ ಸಿಟ್ಟು ಬರಬೇಕು. ಹದಿನೇಳಕ್ಕೆ, ತಿಳೀತಾ?"

"ಮೇಷ್ಟ್ರೇ, ಒಂದ್ಮಾತು." ತೆಳ್ಳಗಿನ ದನಿ. ಸ್ವಲ್ಪ ಮೂಗಿನಿಂದ ಬರುತ್ತಿತ್ತು, ಮಾತಿನ ಕೊನೆಗೆ ಎಲ್ಲಿ ನಕ್ಕುಬಿಡುತ್ತದೋ ಎನ್ನುವಂತಿತ್ತು. "ನಾನು ಆವತ್ತು ಈ ಗೇಟಿನ ಹತ್ರ ನಿಂತು ಹೇಳಿದ್ನಲ್ಲ, ಅದನ್ನೇ ಹೇಳ್ಬಿಡ್ಲಾ? ಅದಾದ್ರೆ ನಂಗೆ ತಾನಾಗೇ ಬರುತ್ತೆ."

"ಬೇಡ ಲೊರೆತೊ. ಅದು ಜನ ಮಾತಾಡೋ ಹಾಗಿರಬೇಕು. ಅದನ್ನ ನಾವು ರೋಮಿನಲ್ಲಿ ನೋಡ್ಕೋತೀವಿ. ನೀನು ಎಣಿಸು."

"ಎಣಿಸೋದಾ? ಆಯ್ತು ಬಿಡಿ. ನಿಮ್ಮ ಸಿನಿಮಾ."

ಒಂದು. ಎರಡು. ಮೂರು.

ಅಡುಗೆಮನೆಯಲ್ಲಿ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರಂತೆ. ಪಾಲ್ಮಿರಾ ಯಂತ್ರಕ್ಕೆ ಹಣೆ ತಾಗುವಷ್ಟು ಬಗ್ಗಿದ್ದಳು. ಐದಾದ ಮೇಲೆ ಲೊರೆತೊ ಗಂಟಲು ಸರಿಮಾಡಿಕೊಂಡ. ಹದಿನೈದು. ಹದಿನಾರು. ಹದಿನೇಳು ಬಂತು, ಉಳಿದವುಗಳ ಹಾಗೆಯೇ ಹೋಯಿತು.

"ಹದಿನೇಳಕ್ಕೆ ಅಂದೆ!" ಎಂದು ಎಳೆಯ ದನಿ ರೇಗಿತು.

ಹದಿನೆಂಟು. ಆಮೇಲೆ ನೀರಿನ ಸದ್ದು ಮಾತ್ರ. ನಾವು ಅವನಿಗೆ ಎಣಿಕೆ ತಪ್ಪಿತೆಂದುಕೊಂಡೆವು. ಆಮೇಲೆ, ಆ ತೆಳ್ಳಗಿನ ದನಿ ಅಷ್ಟು ಸಿಟ್ಟನ್ನು ಎಲ್ಲಿ ಅಡಗಿಸಿಟ್ಟುಕೊಂಡಿತ್ತೋ, ಹಲ್ಲು ಕಚ್ಚಿ, ಒಡೆದ ದನಿಯಲ್ಲಿ, "ಹತ್ತೊಂಬತ್ತು."

ಪಾಲ್ಮಿರಾ ತಲೆ ಎತ್ತಿದಳು.

ಇಪ್ಪತ್ತು. ಇಪ್ಪತ್ತೊಂದು. ಮೂವತ್ತೆರಡಾಯಿತು. "ಸಾಕು, ಮುಗೀತು," ಎಂದಿತು ಎಳೆಯ ದನಿ. ಲೊರೆತೊ ನಿಲ್ಲಿಸಲಿಲ್ಲ. ಮೂವತ್ತಮೂರನ್ನು ಮೆಲ್ಲಗೆ ಹೇಳಿದ, ನಿದ್ದೆಯಲ್ಲಿರುವವರನ್ನು ಎಬ್ಬಿಸಬಾರದೆನ್ನುವಂತೆ. "ಫಿಲ್ಮು ದಂಡ ಮಾಡ್ತಿದಾನಲ್ಲಪ್ಪ ಇವನು," ಎಂದು ಯಾರೋ ಗೊಣಗಿದರು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಅಲ್ಲಿಗೆ ತಾನಾಗಿಯೇ ನಿಲ್ಲಿಸಿ, "ಆಯ್ತು ಮೇಷ್ಟ್ರೇ," ಎಂದ. ಆ ಸಲ ನಿಜವಾಗಿ ನಕ್ಕ.

ಟೇಪಿನ ತುದಿ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಯಾರೂ ಅದನ್ನು ನಿಲ್ಲಿಸಲಿಲ್ಲ.

"ಅವರು ಎಣಿಸ್ತಿರ್ಲಿಲ್ಲ ಮೇಷ್ಟ್ರೇ," ಎಂದಳು ಪಾಲ್ಮಿರಾ. "ಹೇಳ್ತಿದ್ರು. ನಲವತ್ತೊಂದು ದಿನಾನೂ."

ಮೇಷ್ಟ್ರು ನಲವತ್ತು ವರ್ಷದಲ್ಲಿ ಆ ಟೇಪನ್ನು ಎಷ್ಟು ಸಲ ಕೇಳಿದ್ದರೋ. ಪ್ರತಿ ಸಲವೂ ಅವರು ಕೇಳಿಸಿಕೊಂಡದ್ದು ತಮ್ಮ ದನಿಯನ್ನು, ಅದಕ್ಕಾಗಿ ನಾಚಿಕೊಂಡದ್ದೂ ಉಂಟು. ಲೊರೆತೊ ಸಿಟ್ಟನ್ನು ಎರಡು ಅಂಕಿ ತಡವಾಗಿ ತಂದ, ಒಂಬತ್ತು ಅಂಕಿ ಹೆಚ್ಚು ಎಣಿಸಿದ, ಪಾಪ, ನಟನೆ ಗೊತ್ತಿರಲಿಲ್ಲ ಎಂದಷ್ಟೇ ಅವರಿಗೆ ತೋರಿತ್ತು.

"ಗೇಟಿನ ಹತ್ರ ಆವತ್ತು ಏನು ಹೇಳಿದ್ನೋ, ಅದನ್ನ ನಾನು ಕೇಳಿಲ್ಲ," ಎಂದರು, ಇನ್ನೂ ಗೋಡೆಯ ಕಡೆ ನೋಡುತ್ತ. "ನಾನು ಬಂದಿದ್ದು ಮರುವರ್ಷ. ಹೇಳ್ತೀನಿ ಅಂದ. ನಾನು ಬಿಡ್ಲಿಲ್ಲ."

"ಇನ್ನೊಂದ್ಸಲ ಹಾಕ್ತೀರಾ?" ಎಂದಳು ಅವಳು.

ಹಾಕಿದರು. ಎರಡನೇ ಸಲ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮೂರನೇ ಸಲ ಯೊಲಾಂದಾ ಪಲ್ಯದ ತಟ್ಟೆ ಮರೆತು ಕೆಳಗಿಳಿದು ಬಂದಳು. ಬಂದವಳು ಯಾರನ್ನೂ ಕಾಯದೆ ಮೇಲೆ ನಡೆದದ್ದನ್ನೆಲ್ಲ ಹೇಳತೊಡಗಿದಳು, ಒಂದು ಸಲಕ್ಕೇನೂ ಮುಗಿಯಲಿಲ್ಲ.

ಮೇ ಒಂದರಂದು ಬಸ್ಸು ಓಡಿಸುವವರಿಗೂ ರಜೆ. ಆದ್ದರಿಂದ ಮೇಷ್ಟ್ರು ಹಿಂದಿನ ದಿನವೇ, ಶನಿವಾರ ಬೆಳಿಗ್ಗೆ ಹೊರಟರು. ಕಪ್ಪು ಸೂಟು ಹಾಕಿದ್ದರು, ಟೈ ಇರಲಿಲ್ಲ. ಒಂದು ಕೈಯಲ್ಲಿ ಟೇಪಿನ ಯಂತ್ರ, ತೂಕಕ್ಕೆ ಆ ಕಡೆ ವಾಲಿದ್ದರು. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ. ಕಮಾನಿನಾಚೆ ಸಾಣೆಯ ವ್ಯಾನು ಆಗಲೇ ಕರಕರ ಎನ್ನುತ್ತಿತ್ತು. ಯೊಲಾಂದಾ ಅವರೆಯಂಥ ಹಸಿ ಫಾವಾ ಕಾಯಿ, ಕುರಿಹಾಲಿನ ಚೀಸಿನ ತುಂಡು ಕಟ್ಟಿದ ಪೊಟ್ಟಣ ಹಿಡಿದು ಅಡ್ಡ ನಿಂತಳು.

"ಹಬ್ಬದ ದಿನ ತಿನ್ನಿ. ಭಾಷಣ ಬರ್ಕೊಂಡಿದೀರಾ?"

"ಇಲ್ಲ."

"ಬರ್ಕೊಂಡಿಲ್ವಾ? ಜ್ವರಗಿರ ಬಂದಿದೆಯಾ? ಸಿನಿಮಾ ಡಬ್ಬ ಎಲ್ಲಿ?"

"ಸಿನಿಮಾ ಅವರ ಹತ್ರ ಇದೆ. ನಾನು ಇದನ್ನ ತಗೊಂಡು ಹೋಗ್ತಿದೀನಿ. ಕೊನೇ ದೃಶ್ಯಕ್ಕೆ ಫ್ಲಾವಿಯೊ ದನಿ ನಿಲ್ಲಿಸಿ ಇದನ್ನ ಹಾಕೋಕೆ ಹೇಳಿದೀನಿ."

"ಊರೋರು ಹೊಡೀತಾರೆ ನಿಮ್ಮನ್ನ."

"ಹೊಡೀಬಹುದು."

"ಅಲ್ಲ, ಅದಾದ್ಮೇಲೆ ನಿಮ್ಮ ಕೈಗೆ ಮೈಕು ಕೊಡ್ತಾರಲ್ಲ? ಆವಾಗ ಏನ್ ಹೇಳ್ತೀರಿ? ಏನಾದ್ರೂ ಹೇಳ್ಲೇಬೇಕು ತಾನೆ. ನೀವು ಸುಮ್ನಿರೋದು ಉಂಟಾ?"

ಮೇಷ್ಟ್ರು ಪೊಟ್ಟಣವನ್ನು ಡಬ್ಬದ ಮೇಲಿಟ್ಟುಕೊಂಡು, ಗದ್ದದಿಂದ ಒತ್ತಿ ಹಿಡಿದುಕೊಂಡು ಹೆಜ್ಜೆ ಹಾಕಿದರು. ಹೊರಗೆ ಫ್ಲಾವಿಯೊನ ದನಿ ಉಸಿರೆಳೆದುಕೊಂಡು ಅಮ್ಮಂದಿರನ್ನು ಕರೆಯಿತು.

"ಏನಿಲ್ಲ ಯೊಲಾಂದಾ," ಎಂದರು, ತಿರುಗದೆ, ನಡೆಯುತ್ತಲೇ. "ಹದಿನೇಳಕ್ಕೆ ಅಂತ ಕೂಗಿದ್ನಲ್ಲ, ಅವನು ನಾನೇ ಅಂತ ಒಂದ್ಮಾತು. ಆಮೇಲೆ ಅಲ್ಲಿ ಆವತ್ತು ಗೇಟಿನ ಹತ್ರ ಇದ್ದೋರು ಇನ್ನೂ ಯಾರಾದ್ರೂ ಬದುಕಿದ್ರೆ, ಲೊರೆತೊ ಏನು ಹೇಳಿದ್ದ ಅಂತ ಅವರನ್ನೇ ಕೇಳಿ, ನಾನು ಕೆಳಗೆ ಕೂತ್ಕೊಂಡು ಒಂದ್ಸಲನಾದ್ರೂ ಕೇಳಿಸ್ಕೋತೀನಿ."